ವಾರ್ಡಿನಲ್ಲಿ ಕಲಿಯಬೇಕಾದ ಔಷಧ ವಿದ್ಯೆ



ನಮ್ಮ ಔಷಧದ ಅಂಗಡಿಗಳಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಎರಡು ಬಲದಲ್ಲಿ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಸಿರಿಂಜೂ ಅದಕ್ಕೆ ತಕ್ಕಂತೆ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ ಮುಚ್ಚಳದ್ದು 100ಕ್ಕೆ. ಡಾಕ್ಟರು ಚೀಟಿಯಲ್ಲಿ ‘ಬೆಳಿಗ್ಗೆ 20 ಯೂನಿಟ್’ ಎಂದು ಬರೆದಿದ್ದಾರೆ ಎನ್ನಿ. ಕೈಗೆ ಬಂದದ್ದು 40ರ ಸೀಸೆ ಮತ್ತು 100ರ ಸಿರಿಂಜು. ರೋಗಿ ಗೆರೆ ನೋಡಿಕೊಂಡು ಸರಿಯಾಗಿ 20ರವರೆಗೆ ಎಳೆದರೂ ಮೈಗೆ ಸೇರುವುದು ಬರೀ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ಮುಂದಿನ ಸಲ ಡಾಕ್ಟರು ಡೋಸ್ ಏರಿಸುತ್ತಾರೆ. ಇದೇ ಅದಲುಬದಲಾಗಿ, 100ರ ಸೀಸೆಯಿಂದ 40ರ ಸಿರಿಂಜಿಗೆ ಎಳೆದರೆ, 20 ಯೂನಿಟ್ ಹೋಗಬೇಕಾದಲ್ಲಿ 50 ಯೂನಿಟ್ ಹೋಗುತ್ತದೆ. ಬೆವರು, ನಡುಕ, ತಲೆಸುತ್ತು, ಆಮೇಲೆ ಪ್ರಜ್ಞೆಯೇ ತಪ್ಪಬಹುದು.

ಕಾಯಿಲೆ ಗುರುತಿಸಿದ್ದು ಸರಿ. ಆರಿಸಿದ ಔಷಧ ಸರಿ. ಬರೆದ ಪ್ರಮಾಣವೂ ಸರಿ. ರೋಗಿ ಕೂಡ ಹೇಳಿದಂತೆಯೇ ನಡೆದುಕೊಂಡಿದ್ದಾನೆ. ಆದರೂ ಅವನು ಆಸ್ಪತ್ರೆಯ ಬಾಗಿಲಿಗೆ ಬಂದು ಬಿದ್ದಿದ್ದಾನೆ. ಚೀಟಿಗೂ ಮೈಗೂ ನಡುವೆ ಇರುವ ಈ ದಾರಿಯಲ್ಲಿ ನಿಂತು ನೋಡಬೇಕಾದವನು ಫಾರ್ಮಾಸಿಸ್ಟ್. ಅವನನ್ನು ಆ ಕೆಲಸಕ್ಕೆ ಅಣಿಗೊಳಿಸುವುದು ಹೇಗೆ, ಪದವಿ ಮುಗಿದ ಮೇಲೆ ಅವನು ಏನನ್ನು, ಎಲ್ಲಿ, ಯಾರ ಕೈಕೆಳಗೆ ಕಲಿಯಬೇಕು ಎನ್ನುವುದು ಈ ಹೊತ್ತಿನ ಮಾತು.

ಫಾರ್ಮಾಸಿಸ್ಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಣ್ಣಮುಂದೆ ಬರುವುದು ಮೆಡಿಕಲ್ ಸ್ಟೋರಿನ ಕೌಂಟರು. ಹಳಬರಿಗೆ ಕಾಂಪೌಂಡರು ನೆನಪಾಗುತ್ತಾರೆ; ಬಿಳಿ ಸೀಸೆಯಲ್ಲಿ ಮಿಕ್ಸ್ಚರ್ ಮಾಡಿ, ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದವರು. ಓದು ಮಾತ್ರ ಬೇರೆಯೇ ದಿಕ್ಕಿನಲ್ಲಿ ಬೆಳೆಯಿತು. ಭಾರತದಲ್ಲಿ ವಿಶ್ವವಿದ್ಯಾಲಯದ ಮಟ್ಟದ ಔಷಧ ಶಿಕ್ಷಣವನ್ನು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದವರು ಪ್ರೊಫೆಸರ್ ಎಂ. ಎಲ್. ಶ್ರಾಫ್. ಔಷಧಗಳನ್ನು ನಮ್ಮಲ್ಲೇ ತಯಾರಿಸಬೇಕು, ಕಲಬೆರಕೆ ಪತ್ತೆಹಚ್ಚಬೇಕು ಎನ್ನುವುದು ಆ ಕಾಲದ ಅಗತ್ಯವಾಗಿತ್ತು. ಅದಕ್ಕೆ ತಕ್ಕಂತೆ ನಮ್ಮ ಬಿ.ಫಾರ್ಮ್ ಪದವಿ ಕಾರ್ಖಾನೆಯ ಕಡೆಗೆ, ಪ್ರಯೋಗಾಲಯದ ಕಡೆಗೆ ಮುಖ ಮಾಡಿ ನಿಂತಿತು. ಇಂದು ಜಗತ್ತಿಗೇ ಮಾತ್ರೆ ಮಾಡಿ ಕಳಿಸುವ ದೇಶ ನಮ್ಮದಾಗಿದ್ದರೆ ಅದರ ಹಿಂದೆ ಆ ಶಿಕ್ಷಣದ ದೊಡ್ಡ ಪಾಲಿದೆ. ಅದನ್ನು ಕಡೆಗಣಿಸಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

1948ರ ಫಾರ್ಮಸಿ ಕಾಯ್ದೆ ಬಂದಮೇಲೆ ನೋಂದಾಯಿತ ಫಾರ್ಮಾಸಿಸ್ಟ್ ಮಾತ್ರ ಔಷಧ ವಿತರಿಸಬೇಕೆಂಬ ನಿಯಮವಾಯಿತು. ನೋಂದಣಿಗೆ ಬೇಕಾದ ಕನಿಷ್ಠ ಓದು ಡಿ.ಫಾರ್ಮ್, ಎರಡು ವರ್ಷದ ಡಿಪ್ಲೊಮಾ. ಅದರ ನಂತರ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ತರಬೇತಿ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಆ 500 ಗಂಟೆಗಳಲ್ಲಿ ಹುಡುಗ ಕಲಿಯುವುದು ರ‍್ಯಾಕಿನಲ್ಲಿ ಯಾವ ಮಾತ್ರೆ ಎಲ್ಲಿದೆ, ಬಿಲ್ ಹೇಗೆ, ಸ್ಟಾಕ್ ಹೇಗೆ ಎನ್ನುವುದನ್ನು. ರೋಗಿಯ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿ ಡೋಸ್ ಲೆಕ್ಕ ಹಾಕುವುದನ್ನು ಅಲ್ಲಿ ಕಲಿಸುವವರು ಯಾರೂ ಇರುವುದಿಲ್ಲ.

ಕ್ಲಿನಿಕಲ್ ಫಾರ್ಮಸಿ ಎಂದು ಕರೆಯುವ ಕೆಲಸ ಇದೇ. ಔಷಧದ ಬಗ್ಗೆ ತಿಳಿದಿರುವುದು ಬೇರೆ, ಈ ಮಂಚದ ಮೇಲೆ ಮಲಗಿರುವ ಈ ಮನುಷ್ಯನ ಒಳಗೆ ಆ ಔಷಧ ಏನು ಮಾಡುತ್ತಿದೆ ಎಂದು ತಿಳಿಯುವುದು ಬೇರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1966ರಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿಯವರೆಗೆ ನೆಲಮಾಳಿಗೆಯಲ್ಲೋ ಕಿಟಕಿಯ ಹಿಂದೆಯೋ ಕೂತು ಔಷಧ ಕೊಡುತ್ತಿದ್ದ ಫಾರ್ಮಾಸಿಸ್ಟರನ್ನು ಒಂಬತ್ತನೇ ಮಹಡಿಯ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಕರೆತಂದು, ಹಗಲೂ ರಾತ್ರಿ ಅಲ್ಲೇ ಇರುವಂತೆ ವ್ಯವಸ್ಥೆ ಮಾಡಿದರು. ವೈದ್ಯರೂ ದಾದಿಯರೂ ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರ. ರೋಗಿಯ ಮುಖ ನೋಡಿ ಉತ್ತರ. ಒಂಬತ್ತನೇ ಮಹಡಿಯ ಯೋಜನೆ ಎಂದೇ ಅದು ಹೆಸರಾಯಿತು. ಅಲ್ಲಿಂದ ಮುಂದೆ ಫಾರ್ಮಾಸಿಸ್ಟರ ತರಬೇತಿಯ ದಾರಿಯೇ ಬದಲಾಯಿತು. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬ ಇಬ್ಬರು ಪ್ರಾಧ್ಯಾಪಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಔಷಧ ಕೊಟ್ಟರೆ ಫಾರ್ಮಾಸಿಸ್ಟನ ಕೆಲಸ ಮುಗಿಯಲಿಲ್ಲ, ಅದರಿಂದ ರೋಗಿಗೆ ಆದ ಫಲಕ್ಕೂ ಅವನು ಹೊಣೆ ಎಂಬುದು ಅವರ ವಾದ. ಹೊಣೆ ಎನ್ನುವ ವಿಚಾರಕ್ಕೆ ನಾನು ಮತ್ತೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ತರಬೇತಿಯ ಪ್ರಶ್ನೆ ಅದರ ಮೇಲೆಯೇ ನಿಂತಿದೆ.

ಈ ಗಾಳಿ ನಮ್ಮ ಕಡೆಗೆ ಬೀಸಿದ್ದು ಮೈಸೂರಿನಲ್ಲಿ, ನೀಲಗಿರಿಯಲ್ಲಿ. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಸುವ ಮೈಸೂರು ಮತ್ತು ಊಟಿಯ ಫಾರ್ಮಸಿ ಕಾಲೇಜುಗಳು 1990ರ ದಶಕದ ಉತ್ತರಾರ್ಧದಲ್ಲಿ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎಂ.ಫಾರ್ಮ್ ತರಗತಿ ತೆರೆದವು. ದೇಶದಲ್ಲಿ ಇಂಥ ತರಗತಿಗಳ ಮೊದಲ ಸಾಲಿನಲ್ಲಿ ಇವು ಇದ್ದವು. ಕಲಿಸುವವರು ಬೇಕಲ್ಲ? ಆಸ್ಟ್ರೇಲಿಯಾದ ಅಡಿಲೇಡ್ ನಗರದ ಡಾ ಪಾರ್ಕ್ ಬಡಾವಣೆಯಲ್ಲಿದ್ದ ರಿಪಾಟ್ರಿಯೇಷನ್ ಜನರಲ್ ಹಾಸ್ಪಿಟಲ್ ನೆರವಿಗೆ ಬಂತು. ಅಲ್ಲಿನ ಅನುಭವಿ ಕ್ಲಿನಿಕಲ್ ಫಾರ್ಮಾಸಿಸ್ಟರು ಮೈಸೂರಿಗೆ ಬಂದು ಜೆಎಸ್‌ಎಸ್ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತು ಪಾಠ ಹೇಳಿದರು. ಆ ಒಡನಾಟದಿಂದ ಒಂದು ಪುಸ್ತಕವೂ ಹುಟ್ಟಿತು. ಜಿ. ಪಾರ್ಥಸಾರಥಿ, ಕರಿನ್ ನೈಫರ್ಟ್ ಹ್ಯಾನ್ಸನ್ ಮತ್ತು ಮಿಲಾಪ್ ನಹತ ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿ ಪ್ರಾಕ್ಟೀಸ್ ಪಠ್ಯ 2004ರಲ್ಲಿ ಪ್ರಕಟವಾಯಿತು. ಇಂದಿಗೂ ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿ ಅದು ಇರುತ್ತದೆ. ಭಾರತದ ಆಸ್ಪತ್ರೆ, ಭಾರತದ ರೋಗಿ, ನಮ್ಮ ಕೇಸ್ ಶೀಟು, ಇವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಪುಸ್ತಕವಾದ್ದರಿಂದ ಅದಕ್ಕೆ ಆ ಬಾಳಿಕೆ.

ಎರಡು ವರ್ಷದ ಈ ಸ್ನಾತಕೋತ್ತರ ಓದಿನಲ್ಲಿ ವಿದ್ಯಾರ್ಥಿ ಏನು ಮಾಡುತ್ತಾನೆ? ಮನೆಯವರು ಕೇಳುತ್ತಾರೆ, ‘ಬಿ.ಫಾರ್ಮ್ ಆಯ್ತಲ್ಲ, ಇನ್ನೂ ಔಷಧದ ಬಗ್ಗೆ ಓದೋದೇನಿದೆ?’ ಎಂದು. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮೊದಲೇ ಅವನು ವಾರ್ಡಿನಲ್ಲಿರಬೇಕು. ತನಗೆ ಒಪ್ಪಿಸಿದ ರೋಗಿಗಳ ಕೇಸ್ ಶೀಟು ತೆಗೆದು, ರಾತ್ರಿ ಏನಾಯಿತು, ಜ್ವರದ ಚಾರ್ಟಿನಲ್ಲಿ ಗೆರೆ ಎತ್ತ ಹೋಗಿದೆ, ಯಾವ ರಕ್ತಪರೀಕ್ಷೆಯ ವರದಿ ಬಂದಿದೆ, ಯಾವ ಇಂಜೆಕ್ಷನ್ ಬರೆದಿದ್ದರೂ ಕೊಟ್ಟ ಗುರುತಿಲ್ಲ, ಎಲ್ಲವನ್ನೂ ನೋಡಬೇಕು. ಆಮೇಲೆ ರೋಗಿಯ ಹತ್ತಿರ ಕೂರಬೇಕು. ಕೂರಬೇಕು ಎಂದೇ ಹೇಳುತ್ತೇನೆ. ನಿಂತುಕೊಂಡು ಕೇಳಿದ ಪ್ರಶ್ನೆಗೆ ನಮ್ಮ ಜನ ‘ಹೂಂ’ ಎನ್ನುತ್ತಾರೆ, ಅಷ್ಟೇ. ಕೂತು ಮಾತಾಡಿದರೆ ಒಂದೊಂದೇ ವಿಷಯ ಹೊರಬರುತ್ತದೆ. ಬಿಪಿ ಮಾತ್ರೆ ಉಷ್ಣ ಆಗುತ್ತೆ ಅಂತ ದಿನ ಬಿಟ್ಟು ದಿನ ತಗೋತಿದ್ದೆ ಅನ್ನುತ್ತಾರೆ. ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ನುಂಗಿದ ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿರುವುದಿಲ್ಲ, ಅದು ಔಷಧ ಅನ್ನಿಸಿಯೇ ಇರುವುದಿಲ್ಲ. ಪಕ್ಕದ ಊರಿನ ನಾಟಿ ಔಷಧಿಯೂ ನಡೆದಿರುತ್ತದೆ. ಇವನ್ನು ಬೈಯದೆ, ಹೆದರಿಸದೆ ಕೇಳಿ ಬರೆದುಕೊಳ್ಳುವುದು ಮೊದಲ ಪಾಠ. ನಮ್ಮ ಕಾಲೇಜುಗಳಿಗೆ ಕೇರಳದಿಂದ, ಆಂಧ್ರದಿಂದ, ಉತ್ತರ ಭಾರತದಿಂದ ಮಕ್ಕಳು ಬರುತ್ತಾರೆ. ಮೊದಲ ತಿಂಗಳುಗಳಲ್ಲಿ ಅವರು ಸಹಪಾಠಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿಸಿಕೊಳ್ಳುತ್ತಾರೆ. ಬರಬರುತ್ತಾ ‘ಅಜ್ಜಿ, ಊಟಕ್ಕೆ ಮುಂಚೆ ತಗೊಂಡ್ರಾ, ಆಮೇಲೆ ತಗೊಂಡ್ರಾ?’ ಎಂದು ತಾವೇ ಕೇಳುವಷ್ಟಾಗುತ್ತಾರೆ. ಅದನ್ನು ನೋಡುವುದು ಮೇಷ್ಟರಿಗೆ ದೊಡ್ಡ ಸಂತೋಷ.

ಆ ಮಂಡಿನೋವಿನ ಮಾತ್ರೆ ಸಣ್ಣ ವಿಷಯವಲ್ಲ. ರಕ್ತದೊತ್ತಡಕ್ಕೆ ಎನಲಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜಾತಿಯ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಮೂರೂ ಕಡೆಯಿಂದ ಕಿಡ್ನಿಯ ಮೇಲೆ ಒತ್ತಡ ಬೀಳುತ್ತದೆ. ಅದರಲ್ಲೂ ವಯಸ್ಸಾದವರಲ್ಲಿ, ಭೇದಿಯಾಗಿ ಮೈ ನೀರು ಕಳೆದುಕೊಂಡಿರುವಾಗ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ಯಾಕೆ ಎಂದು ವೈದ್ಯರು ಯೋಚಿಸುತ್ತಿರುವಾಗ, ರೋಗಿಯ ಚೀಲದಿಂದ ಆ ನೋವಿನ ಮಾತ್ರೆಯ ಪಟ್ಟಿಯನ್ನು ತೆಗೆದು ತೋರಿಸುವ ವಿದ್ಯಾರ್ಥಿ ಅಂದಿನ ಮಟ್ಟಿಗೆ ಇಡೀ ತಂಡಕ್ಕೆ ಬೇಕಾದವನು.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯದು. ಅಗ್ಗದ ಔಷಧ, ಹಳೆಯ ಔಷಧ, ಹಳ್ಳಿಯವರೆಗೂ ತಲುಪಿರುವ ಔಷಧ. ಇದಕ್ಕೊಂದು ಗುಣವಿದೆ. ಲಿವರಿನಲ್ಲಿ ಇದನ್ನು ಒಡೆಯುವ ಕಿಣ್ವಗಳಿಗೆ ಒಂದು ಮಿತಿ. ಆ ಮಿತಿ ಮುಟ್ಟುವವರೆಗೆ ಎಲ್ಲವೂ ಲೆಕ್ಕದಂತೆ ನಡೆಯುತ್ತದೆ. ಮುಟ್ಟಿದಮೇಲೆ ಡೋಸನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿನ ಮಟ್ಟ ಜಿಗಿಯುತ್ತದೆ. ದಿನಕ್ಕೆ 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದರೆ ಮಟ್ಟ ಮೂರನೇ ಒಂದು ಭಾಗ ಏರಬಹುದು ಎಂದು ನಮ್ಮ ಸಾಮಾನ್ಯ ಗಣಿತ ಹೇಳುತ್ತದೆ. ಆದರೆ ಅದು ಎರಡು ಪಟ್ಟಿಗೂ ಏರಬಹುದು. ಇರಬೇಕಾದ ಮಟ್ಟ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ಅದನ್ನು ದಾಟಿದರೆ ಕಣ್ಣುಗುಡ್ಡೆ ಓಲಾಡುತ್ತದೆ, ನಾಲಿಗೆ ತೊದಲುತ್ತದೆ, ನಡಿಗೆ ತೂರಾಡುತ್ತದೆ. ಊರಿನಲ್ಲಿ ಜನ ಅವನನ್ನು ನೋಡಿ, ಬೆಳಿಗ್ಗೆಯೇ ಕುಡಿದಿದ್ದಾನೆ ಎಂದು ಆಡಿಕೊಳ್ಳುತ್ತಾರೆ. ಕುಡಿಯದ ಮನುಷ್ಯ ಆ ಮಾತು ಕೇಳಬೇಕಾಗುತ್ತದೆ.

ಇದಿಷ್ಟೂ ತರಗತಿಯಲ್ಲಿ ಬರುತ್ತದೆ, ಸೂತ್ರಸಮೇತ. ಪರೀಕ್ಷೆಯಲ್ಲಿ ಮಕ್ಕಳು ಲೆಕ್ಕ ಮಾಡಿ ಪೂರ್ತಿ ಅಂಕ ತೆಗೆಯುತ್ತಾರೆ. ವಾರ್ಡಿನಲ್ಲಿ ಅದೇ ವಿದ್ಯಾರ್ಥಿಯ ಕೈಗೆ ಒಂದು ವರದಿ ಬರುತ್ತದೆ: ಫೆನಿಟಾಯಿನ್ ಮಟ್ಟ 12. ‘ಸರಿಯಾಗಿದೆ ಸಾರ್’ ಎನ್ನುತ್ತಾನೆ. ರೋಗಿ ಮಾತ್ರ ತೂರಾಡುತ್ತಿದ್ದಾನೆ. ಆಗ ಹಿರಿಯರು ಕೇಳುತ್ತಾರೆ, ‘ಆಲ್ಬುಮಿನ್ ಎಷ್ಟಿದೆ ನೋಡಿದೆಯಾ?’ ಈ ಔಷಧದ ಸುಮಾರು ನೂರಕ್ಕೆ ತೊಂಬತ್ತು ಪಾಲು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಉಳಿದ ಪಾಲು. ಪೋಷಣೆಯಿಲ್ಲದೆ ಸೊರಗಿದ ಮೈಯಲ್ಲಿ ಆಲ್ಬುಮಿನ್ ಕಡಿಮೆ. ಆಗ ಬಿಡಿ ಔಷಧದ ಪಾಲು ಹೆಚ್ಚು. ವರದಿಯ ಒಟ್ಟು ಅಂಕಿ 12 ಎಂದು ತೋರಿಸಿದರೂ ಒಳಗೆ ಆಗುತ್ತಿರುವುದು ಬೇರೆ. ರಕ್ತ ತೆಗೆದದ್ದು ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ, ಅದನ್ನೂ ಕೇಳಬೇಕು. ರೋಗಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ಹೀಗೆ ಒಂದು ಬೆಳಿಗ್ಗೆ ಕಲಿತದ್ದನ್ನು ಆ ಹುಡುಗ ಜೀವಮಾನವಿಡೀ ಮರೆಯುವುದಿಲ್ಲ.

ಕಂಡದ್ದನ್ನು ಹೇಳುವುದು ಇನ್ನೊಂದು ವಿದ್ಯೆ. ರೌಂಡ್ಸಿನಲ್ಲಿ ಎಲ್ಲರೆದುರು, ರೋಗಿಯ ಎದುರು, ‘ಸಾರ್, ನೀವು ಬರೆದಿರೋದು ತಪ್ಪು’ ಎಂದರೆ ಅಲ್ಲಿಗೆ ಆ ವಾರ್ಡಿನ ಬಾಗಿಲು ಮುಚ್ಚಿತು. ಸುಮ್ಮನಿದ್ದುಬಿಟ್ಟರೆ ರೋಗಿಗೆ ಕೇಡು. ಹಾಗಾದರೆ ಹೇಳುವುದು ಹೇಗೆ? ‘ಸಾರ್, ಇವರು ವಾರ್ಫರಿನ್ ತಗೋತಿದ್ದಾರೆ. ನಿನ್ನೆಯಿಂದ ಮೆಟ್ರೊನಿಡಜೋಲ್ ಶುರುವಾಗಿದೆ. ರಕ್ತ ಇನ್ನಷ್ಟು ತೆಳುವಾಗಬಹುದು. ಐಎನ್‌ಆರ್ ಇವತ್ತೇ ಒಂದು ಸಲ ನೋಡೋಣವಾ?’ ಸಮಸ್ಯೆ, ಅದಕ್ಕೆ ಆಧಾರ, ಮುಂದೆ ಮಾಡಬಹುದಾದ್ದು, ಮೂರೂ ಒಂದೇ ಉಸಿರಿನಲ್ಲಿ ಬರಬೇಕು. ಹೇಳಿದ ಮೇಲೆ ಅದನ್ನು ದಾಖಲಿಸಬೇಕು. ವೈದ್ಯರು ಒಪ್ಪಿದರೇ, ಇಲ್ಲವೇ, ಒಪ್ಪದಿದ್ದರೆ ಕಾರಣವೇನು? ಎಷ್ಟೋ ಸಲ ವೈದ್ಯರ ಕಾರಣವೇ ಸರಿಯಾಗಿರುತ್ತದೆ. ಪುಸ್ತಕ ಬೇಡ ಎಂದ ಎರಡು ಔಷಧಗಳನ್ನು ಅವರು ತಿಳಿದೇ, ನಿಗಾ ಇಟ್ಟೇ ಕೊಡುತ್ತಿರುತ್ತಾರೆ. ಮೊಬೈಲಿನಲ್ಲಿ ಕೆಂಪು ಬಣ್ಣದ ಎಚ್ಚರಿಕೆ ತೋರಿಸಿದ್ದನ್ನೆಲ್ಲ ಓಡಿಹೋಗಿ ಒಪ್ಪಿಸುವುದು ಕ್ಲಿನಿಕಲ್ ಫಾರ್ಮಸಿ ಅಲ್ಲ. ಯಾವುದು ಈ ರೋಗಿಗೆ ನಿಜವಾದ ಅಪಾಯ ಎಂದು ಆರಿಸಿ ಹೇಳುವುದು ಬೇಕು. ಆ ವಿವೇಚನೆಗೆ ಕಾಲ ಬೇಕು, ಎಷ್ಟೋ ರೋಗಿಗಳನ್ನು ನೋಡಬೇಕು, ಪಕ್ಕದಲ್ಲೊಬ್ಬ ಹಿರಿಯ ಬೇಕು.

ಮನೆಗೆ ಹೊರಟ ರೋಗಿಯ ಜೊತೆ ಮಾತಾಡುವುದೂ ಈ ತರಬೇತಿಯ ಭಾಗವೇ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕಾದದ್ದು. ಉಳಿದ ಮಾತ್ರೆಗಳಂತೆ ಇದನ್ನೂ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಜೀವಕ್ಕೇ ಬರುತ್ತದೆ. ಜಗತ್ತಿನ ಹಲವು ಕಡೆ ಈ ತಪ್ಪಿನಿಂದ ಜನ ಸತ್ತಿದ್ದಾರೆ. ‘ಯಾವ ವಾರ ತಗೋತೀರಿ ಹೇಳಿ’ ಎಂದು ಕೇಳಿ, ‘ಭಾನುವಾರ’ ಎಂದು ಅವರ ಬಾಯಿಂದಲೇ ಹೇಳಿಸಿ, ಚೀಟಿಯ ಮೇಲೆ ಭಾನುವಾರ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಆಯಿತು. ಕ್ಷಯಕ್ಕೆ ರಿಫಾಂಪಿಸಿನ್ ಶುರುಮಾಡಿದವರಿಗೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳದಿದ್ದರೆ, ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಮಾತ್ರೆ ಬಿಟ್ಟುಬಿಡುತ್ತಾರೆ. ಅದೇ ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಆ ಮಾತನ್ನು ಒಬ್ಬ ತರುಣಿಗೆ ಹೇಳಬೇಕಾದರೆ ಗಂಡಸರ ಸಾಲಿನ ನಡುವೆ, ಕೌಂಟರಿನ ಕಿಂಡಿಯಿಂದ ಹೇಳಲಾಗುವುದಿಲ್ಲ. ಪಕ್ಕಕ್ಕೆ ಕರೆದು ಕೂರಿಸಿ ಹೇಳುವುದಕ್ಕೆ ಒಂದು ಜಾಗ ಬೇಕು.

2008ರಲ್ಲಿ ದೊಡ್ಡದೊಂದು ಬದಲಾವಣೆಯಾಯಿತು. ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್.ಡಿ ಎಂಬ ಪದವಿಯನ್ನು ತಂದಿತು. ಪಿಯುಸಿ ಮುಗಿಸಿದವರಿಗೆ ಆರು ವರ್ಷ. ಐದು ವರ್ಷ ಓದು, ಕೊನೆಯದು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್ ಆದವರಿಗೆ ಮೂರು ವರ್ಷದ ಇನ್ನೊಂದು ದಾರಿ. ಎರಡು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಿಯಮದಲ್ಲಿ ಎಷ್ಟು ಒಳ್ಳೆಯ ಸಂಗತಿಗಳಿವೆ ನೋಡಿ. ಕಾಲೇಜಿಗೆ ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆಯ ನಂಟು ಇರಬೇಕು. ಇಂಟರ್ನ್‌ಶಿಪ್ಪಿನ ಆರು ತಿಂಗಳು ಜನರಲ್ ಮೆಡಿಸಿನ್ ವಿಭಾಗದಲ್ಲಿ ಕಳೆಯಬೇಕು, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳಂತೆ. ಒಂದು ಕಾಲೇಜಿನಲ್ಲಿ ಆರು ವರ್ಷದ ತರಗತಿಗೆ 30 ಸೀಟು, ಮೂರು ವರ್ಷದ್ದಕ್ಕೆ 10. ವೈದ್ಯ ವಿದ್ಯಾರ್ಥಿಗಳ ಹಾಗೆಯೇ ಮಂಚದ ಪಕ್ಕದಲ್ಲಿ ಕಲಿಸಬೇಕೆಂಬ ಆಸೆ ಇದರಲ್ಲಿ ಎದ್ದು ಕಾಣುತ್ತದೆ.

ಆ ಆಸೆ ಎಲ್ಲೆಲ್ಲಿ ಈಡೇರಿತೋ ಅಲ್ಲಿ ಒಳ್ಳೆಯ ಮಕ್ಕಳು ತಯಾರಾದರು. ನಾನು ಅಂಥವರನ್ನು ಕಂಡಿದ್ದೇನೆ. ಅವರ ಮಾತಿಗೆ ದೊಡ್ಡ ದೊಡ್ಡ ವೈದ್ಯರು ಕಿವಿಗೊಡುವುದನ್ನೂ ಕಂಡಿದ್ದೇನೆ. ಆದರೆ ಬಹಳ ಕಡೆ ಒಂದು ಕೊರತೆ ಉಳಿಯಿತು, ಅದನ್ನು ಮರೆಮಾಚುವುದಕ್ಕಾಗುವುದಿಲ್ಲ. ವಿದ್ಯಾರ್ಥಿ ವಾರ್ಡಿಗೆ ಹೋಗುತ್ತಾನೆ, ಆದರೆ ವಾರ್ಡಿನಲ್ಲಿ ಅವನಿಗೆ ಹೊಣೆಯಿಲ್ಲ. ಕೇಸ್ ಶೀಟನ್ನು ನಕಲು ಮಾಡಿಕೊಂಡು ಬರುತ್ತಾನೆ, ರೆಕಾರ್ಡ್ ಬರೆಯುತ್ತಾನೆ, ಸಹಿ ಹಾಕಿಸುತ್ತಾನೆ. ಅವನು ಆ ದಿನ ಬರದಿದ್ದರೂ ವಾರ್ಡಿನಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಅವನಿಗೆ ಕಲಿಸುವ ಅಧ್ಯಾಪಕರ ಪಾಡೂ ಅದೇ. ಅವರು ಕಾಲೇಜಿನ ನೌಕರರು, ಆಸ್ಪತ್ರೆಯವರಲ್ಲ. ಔಷಧದ ಬಗ್ಗೆ ಅಲ್ಲಿ ಅವರು ಬರೆದ ಟಿಪ್ಪಣಿ ಕೇಸ್ ಶೀಟಿನ ಭಾಗವಾಗಬೇಕೆಂದಿಲ್ಲ. ಮಧ್ಯಾಹ್ನ ಕಾಲೇಜಿನ ಬಸ್ಸು ಹೊರಟರೆ ವಿದ್ಯಾರ್ಥಿ, ಅಧ್ಯಾಪಕ ಇಬ್ಬರೂ ಹೊರಟರು. ಸಂಜೆ ಐದಕ್ಕೆ ರೋಗಿಗೆ ಮೈತುಂಬ ದದ್ದು ಎದ್ದರೆ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹೊಣೆ ಇಲ್ಲದ ಕಡೆ ಕಲಿಕೆ ತೆಳುವಾಗುತ್ತದೆ. ನಾನು ಹೇಳಬೇಕೆಂದು ಬಂದ ಮಾತು ಮುಖ್ಯವಾಗಿ ಇದೇ. ಇನ್ನೊಂದು ಪಠ್ಯ ಸೇರಿಸಿ, ಇನ್ನೊಂದು ಪರೀಕ್ಷೆ ಇಟ್ಟು, ಇನ್ನೊಂದು ವರ್ಷ ಹೆಚ್ಚಿಸಿ ಈ ಕೊರತೆಯನ್ನು ತುಂಬಲಾಗದು. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಹುದೇ ಬೇಡವೇ ಎಂಬ ಚರ್ಚೆಯಲ್ಲಿ ನಮ್ಮ ವೃತ್ತಿಯವರು ಬಹಳ ಶಕ್ತಿ ಕಳೆದಿದ್ದೇವೆ. ಅದು ಹಾಗಿರಲಿ. ಈ 30 ಮಂಚಗಳ ಔಷಧದ ಲೆಕ್ಕ ನಿನ್ನದು, ಇವರಿಗೆ ಔಷಧದಿಂದ ಕೇಡಾದರೆ ಮೊದಲು ಗಮನಿಸಬೇಕಾದವನು ನೀನು ಎಂದು ಒಬ್ಬ ತರುಣನಿಗೆ ನಾವು ಯಾರಾದರೂ ಹೇಳಿದ್ದೇವೆಯೇ? ಅವನು ವೃತ್ತಿವಂತನಾಗುವುದು ಆ ಮಾತಿನ ನಂತರವೇ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ? ಅಮೆರಿಕದಲ್ಲಿ ಪದವಿ ಮುಗಿಸಿದ ಹಲವರು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಾರೆ. ಮೊದಲ ವರ್ಷ ಎಲ್ಲ ವಿಭಾಗಗಳಲ್ಲಿ. ಬೇಕೆನಿಸಿದವರಿಗೆ ಎರಡನೇ ವರ್ಷ ಕ್ಯಾನ್ಸರ್, ಮಕ್ಕಳು, ತೀವ್ರ ನಿಗಾ ಘಟಕ, ಹೀಗೆ ಒಂದೇ ವಿಷಯದಲ್ಲಿ. ಅವರಿಗೆ ಸಂಬಳವಿದೆ, ಡ್ಯೂಟಿ ಇದೆ, ಮೇಲೆ ಕೇಳುವವರಿದ್ದಾರೆ. ಬ್ರಿಟನ್ನಿನ ದಾರಿ ನನಗೆ ಇನ್ನೂ ಹಿಡಿಸುತ್ತದೆ. ಅಲ್ಲಿ ಹೊಸ ಫಾರ್ಮಾಸಿಸ್ಟರು ಆಸ್ಪತ್ರೆಯ ಕೆಲಸದಲ್ಲಿ ಇದ್ದುಕೊಂಡೇ ಕ್ಲಿನಿಕಲ್ ಫಾರ್ಮಸಿಯ ಸ್ನಾತಕೋತ್ತರ ಡಿಪ್ಲೊಮಾ ಓದುತ್ತಾರೆ. ಹಗಲು ಮಾಡಿದ ಕೆಲಸವೇ ಪಾಠದ ವಸ್ತು. ಹೀಗೆ ತರಬೇತಾದವರ ಮೇಲೆ ಅಲ್ಲಿನ ಸರ್ಕಾರಕ್ಕೆ ಎಷ್ಟು ನಂಬಿಕೆ ಬಂತೆಂದರೆ, ಹೆಚ್ಚಿನ ತರಬೇತಿ ಪಡೆದ ಫಾರ್ಮಾಸಿಸ್ಟರಿಗೆ 2006ರಿಂದ ಸ್ವತಂತ್ರವಾಗಿ ಔಷಧ ಬರೆಯುವ ಅಧಿಕಾರವನ್ನೂ ಕೊಟ್ಟಿತು. ನಮ್ಮಲ್ಲಿ ಈಗಲೇ ಅದು ಬೇಕೆಂದು ನಾನು ಹೇಳುವುದಿಲ್ಲ. ಕೆಲಸವೂ ಕಲಿಕೆಯೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಡೆಯುವ ಏರ್ಪಾಡು ಮಾತ್ರ ನಮಗೆ ಬೇಕೇ ಬೇಕು.

ನಮ್ಮಲ್ಲಿ ಓದು ಮುಗಿಸಿದವರು ಈಗ ಎಲ್ಲಿ ಹೋಗುತ್ತಿದ್ದಾರೆ? ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಯುರೋಪಿನ, ಅಮೆರಿಕದ ರೋಗಿಗಳಿಗೆ ಆದ ಅಡ್ಡಪರಿಣಾಮಗಳ ವರದಿಗಳನ್ನು ವಿಂಗಡಿಸುತ್ತಿದ್ದಾರೆ. ಅದೂ ಬೇಕಾದ ಕೆಲಸವೇ, ಸಂಬಳವೂ ನೆಮ್ಮದಿಯದು. ಹಲವರು ಹೊರದೇಶಕ್ಕೆ ಹೋಗುತ್ತಾರೆ. ಗುಣಮಟ್ಟದ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗಳು ಕೆಲವರನ್ನು ಕ್ಲಿನಿಕಲ್ ಫಾರ್ಮಾಸಿಸ್ಟ್ ಎಂದು ಸೇರಿಸಿಕೊಳ್ಳುತ್ತವೆ. ಅಲ್ಲಿಯೂ ಬಹಳ ಹೊತ್ತು ಹೋಗುವುದು ಚೀಟಿಗಳ ಆಡಿಟ್ಟಿಗೆ, ನಮೂನೆ ತುಂಬುವುದಕ್ಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್ ಹುದ್ದೆ ಎಂದರೆ ಇವತ್ತಿಗೂ ಔಷಧ ಉಗ್ರಾಣ ಮತ್ತು ವಿತರಣೆಯ ಕಿಟಕಿ. ಒಬ್ಬರೇ ಇಂಡೆಂಟ್ ಬರೆದು, ಸ್ಟಾಕ್ ಎಣಿಸಿ, ನೂರಾರು ಜನರ ಸಾಲಿಗೆ ಮಾತ್ರೆ ಕೊಡುತ್ತಾರೆ. ಅವರ ದುಡಿಮೆಯನ್ನು ನಾನು ಗೌರವಿಸುತ್ತೇನೆ. ಅವರ ಮೇಲೆಯೇ ವಾರ್ಡಿನ ಕೆಲಸವನ್ನೂ ಹೇರುವುದು ನ್ಯಾಯವಲ್ಲ. ವಾರ್ಡಿಗೆಂದೇ ಬೇರೆ ಹುದ್ದೆ ಬೇಕು. ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಗೆ ಆಮೇಲೆ ಆದ ತಿದ್ದುಪಡಿಯಲ್ಲಿ ಕ್ಲಿನಿಕಲ್ ಫಾರ್ಮಾಸಿಸ್ಟ್ ಎಂಬ ಹುದ್ದೆಯ ಹೆಸರು ಬಂದಿದೆ. ಅದು ರಾಜ್ಯಗಳ ನೇಮಕಾತಿ ನಿಯಮಗಳ ಒಳಗೆ ಬರಬೇಕು.

ಎಲ್ಲ ಆಸ್ಪತ್ರೆಗೂ ಒಂದೇ ಏಟಿಗೆ ಈ ಹುದ್ದೆ ಕೊಡಿ ಎಂದರೆ ಅದು ಆಗುವ ಮಾತಲ್ಲ. ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಂದ ಶುರುವಾಗಲಿ. ಮೆಡಿಸಿನ್ ವಾರ್ಡು, ತೀವ್ರ ನಿಗಾ ಘಟಕ, ಕ್ಯಾನ್ಸರ್ ವಿಭಾಗ, ಈ ಮೂರು ಕಡೆ ಒಬ್ಬೊಬ್ಬ ಹಿರಿಯ ಕ್ಲಿನಿಕಲ್ ಫಾರ್ಮಾಸಿಸ್ಟ್ ಇರಲಿ. ಪ್ರತಿಯೊಬ್ಬರ ಕೈಕೆಳಗೆ ಎಂ.ಫಾರ್ಮ್ ಅಥವಾ ಫಾರ್ಮ್.ಡಿ ಮುಗಿಸಿದ ಇಬ್ಬರು ರೆಸಿಡೆಂಟರು, ಒಂದು ವರ್ಷದ ಅವಧಿಗೆ, ಸ್ಟೈಪೆಂಡಿನ ಜೊತೆ. ರಾತ್ರಿ ಪಾಳಿಯೂ ಅವರಿಗಿರಲಿ. ತಾವು ಮಾಡಿದ ಸಲಹೆ, ಅದರ ಫಲ, ತಾವು ಗುರುತಿಸಿದ ಅಡ್ಡಪರಿಣಾಮ, ಎಲ್ಲವನ್ನೂ ಬರೆದ ಪುಸ್ತಕವನ್ನು ನೋಡಿ ಅವರನ್ನು ಅಳೆಯಲಿ. ಮೂರು ಗಂಟೆಯ ಲಿಖಿತ ಪರೀಕ್ಷೆಯಿಂದ ಬೇಡ. ಅಧ್ಯಾಪಕರಾಗುವವರಿಗೂ ಆಸ್ಪತ್ರೆಯಲ್ಲಿ ಸೇವೆಯ ಹೊಣೆ ಕಡ್ಡಾಯವಾಗಲಿ. ಮೆಡಿಸಿನ್ ಪ್ರೊಫೆಸರು ರೋಗಿಯನ್ನು ನೋಡದೆ ಪಾಠ ಮಾಡಿದರೆ ನಾವು ಒಪ್ಪುತ್ತೇವೆಯೇ?

ಇದರಿಂದ ಉಳಿತಾಯವೂ ಇದೆ. ಬೇಡದ ದುಬಾರಿ ಆಂಟಿಬಯಾಟಿಕ್ ಎರಡು ದಿನ ಮೊದಲೇ ನಿಂತರೆ, ಬಾಯಲ್ಲಿ ನುಂಗಬಲ್ಲ ರೋಗಿಗೆ ಇಂಜೆಕ್ಷನ್ ಬದಲು ಮಾತ್ರೆ ಬಂದರೆ, ಕಿಡ್ನಿಗೆ ತಕ್ಕ ಡೋಸ್ ಬಿದ್ದು ಒಂದು ಡಯಾಲಿಸಿಸ್ ತಪ್ಪಿದರೆ, ಅದು ಆಸ್ಪತ್ರೆಯ ಲೆಕ್ಕದಲ್ಲೂ ರೋಗಿಯ ಮನೆಯ ಲೆಕ್ಕದಲ್ಲೂ ಕಾಣುತ್ತದೆ. ಔಷಧದಿಂದಾಗುವ, ತಪ್ಪಿಸಬಹುದಾದ ಕೇಡನ್ನು ತಗ್ಗಿಸುವುದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಜಗತ್ತಿನ ಮುಂದಿಟ್ಟ ಗುರಿಯೇ ಆಗಿದೆ. ಗುರಿ ಇದ್ದರೆ ಸಾಲದು, ವಾರ್ಡಿನಲ್ಲಿ ಅದಕ್ಕೆ ಒಬ್ಬ ಮನುಷ್ಯ ಬೇಕು.

ಈಗಾಗಲೇ ಡಿ.ಫಾರ್ಮ್ ಮಾಡಿ ಅಂಗಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಇರುವವರು ಈ ಮಾತುಗಳಿಂದ ಹೊರಗಿಲ್ಲ. ಅಂಥವರಿಗಾಗಿಯೇ 2014ರಲ್ಲಿ ಬಿ.ಫಾರ್ಮ್ ಪ್ರಾಕ್ಟೀಸ್ ಎಂಬ ಸೇತುವೆಯ ಓದಿಗೆ ನಿಯಮ ಬಂದಿದೆ. ಓದಲು ಆಗದವರೂ ಔಷಧದ ಅಡ್ಡಪರಿಣಾಮವನ್ನು ವರದಿ ಮಾಡಬಹುದು. 2010ರಲ್ಲಿ ಶುರುವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಘಾಜಿಯಾಬಾದಿನಲ್ಲಿ ರಾಷ್ಟ್ರೀಯ ಕೇಂದ್ರವಿದೆ. ಅದರ ಉಚಿತ ದೂರವಾಣಿ 1800-180-3024. ಇದಕ್ಕೆ ಕರೆಮಾಡಲು ವೈದ್ಯರೇ ಆಗಬೇಕೆಂದಿಲ್ಲ, ಫಾರ್ಮಾಸಿಸ್ಟ್ ಮಾಡಬಹುದು, ರೋಗಿಯೇ ಮಾಡಬಹುದು.

ಕೇಳುಗರಲ್ಲಿ ನನ್ನದೊಂದು ಬೇಡಿಕೆ. ನೀವೋ ನಿಮ್ಮ ಮನೆಯ ಹಿರಿಯರೋ ಆಸ್ಪತ್ರೆ ಸೇರಿದಾಗ, ಬಿಳಿ ಕೋಟಿನ ಹುಡುಗನೋ ಹುಡುಗಿಯೋ ಹತ್ತಿರ ಬಂದು ‘ನಾನು ಫಾರ್ಮಸಿಯಿಂದ ಬಂದಿದ್ದೀನಿ, ಮನೆಯಲ್ಲಿ ಏನೇನು ಮಾತ್ರೆ ತಗೋತಿದ್ರಿ?’ ಎಂದು ಕೇಳಿದರೆ, ಡಾಕ್ಟರಿಗೆ ಆಗಲೇ ಹೇಳಿಯಾಯ್ತು ಎಂದು ಕಳಿಸಬೇಡಿ. ಚೀಲದಲ್ಲಿರುವ ಎಲ್ಲ ಪಟ್ಟಿಗಳನ್ನೂ ತೆಗೆದು ಮಂಚದ ಮೇಲೆ ಹರವಿ. ನಾಟಿ ಔಷಧಿ, ಕಣ್ಣಿಗೆ ಬಿಡುವ ಹನಿ, ಅಂಗಡಿಯಿಂದ ತಂದ ನೋವಿನ ಮಾತ್ರೆ, ನಡುವೆ ನಿಲ್ಲಿಸಿದ್ದು, ಎಲ್ಲವನ್ನೂ ಹೇಳಿ. ಬಿಡುಗಡೆಯ ದಿನ ಮನೆಗೆ ಹೊರಡುವ ಮೊದಲು, ಯಾವ ಮಾತ್ರೆ ಹೊಸದು, ಯಾವುದು ನಿಂತಿತು, ಯಾವುದರ ಡೋಸ್ ಬದಲಾಯಿತು ಎಂದು ಅವರನ್ನೇ ಕೇಳಿ. ಅವರು ಬರದಿದ್ದರೆ, ನಿಮ್ಮ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಾಸಿಸ್ಟ್ ಇದ್ದಾರೆಯೇ ಎಂದು ಸಿಸ್ಟರನ್ನು ವಿಚಾರಿಸಿ.